ಕಿವುಡರ ಮಿತ್ರರಾದ ಗಲಾಡೆಟ್ ಬೋಧಕರ ಚರಿತ್ರೆ

ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡದ 19ನೆಯ ಅಧ್ಯಾಯದೊಳಗೆ, ಕಿವುಡರ ವಿಷಯವಾಗಿ ಒಂದು ಚಿಕ್ಕ ವಿಧಿಯುಂಟು. ಕಿವುಡನಿಗೆ ಕೇಳಿಸದೆಂಬ ಧೈರ್ಯದಿಂದ ಯಾವನೂ ಅವನನ್ನು ಶಪಿಸಬಾರದೆಂಬುದೇ ಅದರ ಅಭಿಪ್ರಾಯ. ಆದರೆ ಮನುಷ್ಯರು ಮಾಡಿಕೊಂಡ ಕಾನೂನುಗಳಲ್ಲಿ ಕಿವುಡರಿಗೆ ಬಹುಕಾಲದ ವರೆಗೆ ಒಳ್ಳೆಯ ಸ್ಥಾನವು ದೊರೆಯಲಿಲ್ಲ. ಕ್ರಿಸ್ತಶಕ 6ನೆಯ ಶತಮಾನದಲ್ಲಿ ಯುಸ್ತಿನಿಯಾನ ಚಕ್ರವರ್ತಿಯು ಮಾಡಿಸಿದ ರೋಮಾಯರ ನ್ಯಾಯಸಂಗ್ರಹವು ಹುಟ್ಟಿನಿಂದಲೇ ಕಿವುಡರೂ ಮೂಕರೂ ಆದವರಿಗೆ ಮರಣಶಾಸನವನ್ನು ಬರೆಯುವ ಹಕ್ಕನ್ನು ಸಹ ಕೊಡಲಿಲ್ಲ. ಇಂಥವರ ವಿದ್ಯಾಭ್ಯಾಸಕ್ಕಾಗಿ ಸರ್ಕಾರದ ಹಣವು ವೆಚ್ಚವಾಗತಕ್ಕದ್ದೆಂದು ಅಮೇರಿಕಾ ದೇಶದ ಶಾಸನಸಭೆಗಳನ್ನು ಮೊಟ್ಟಮೊದಲು ಒಪ್ಪಿಸಿದವರಲ್ಲಿ ಮುಖ್ಯರಾದವರು ಒಬ್ಬ ಸುವಾರ್ತಾಬೋಧಕರು. ಅವರ ಹೆಸರು ತಾಮಸ್ ಹಾಪ್‌ಕಿನ್ಸ್ ಗಲಾಡೆಟ್. ಇವರ ಚರಿತ್ರೆಯನ್ನು ನಮ್ಮ ವಾಚಕರಿಗೆ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಗಲಾಡೆಟರು 1787ನೆಯ ಇಸವಿ ದಶಂಬರ 10ರಂದು ಫಿಲಡೆಲ್ಫಿಯ ಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆಯ ಪೂರ್ವಿಕರು ಫ್ರಾನ್ಸ್ ದೇಶದ ಹ್ಯೂಗನಾಟರೆಂಬ ಪ್ರೊಟೆಸ್ಟಂಟರು. ಇವರು ಬಾಲ್ಯದಲ್ಲಿರುವಾಗಲೇ ಕುಟುಂಬವು ಕನೆಕ್ಟಿಕಟ್ ಸೀಮೆಯ ಹಾರ್ಟ್‌ಫರ್ಡ್ ಪಟ್ಟಣಕ್ಕೆ ಬಂದು ನೆಲೆಸಿತು. ಶರೀರವು ದುರ್ಬಲವಾಗಿದ್ದರೂ ಬುದ್ಧಿಯು ಬಹು ತೀಕ್ಷ್ಣವಾಗಿದ್ದದರಿಂದ 1805ರಲ್ಲಿ, 17 ವರುಷದವರಾಗಿದ್ದಾಗಲೇ, ಯೇಲ್ ವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಆ ಮೇಲೆ ಸ್ವಲ್ಪ ಕಾಲ ನ್ಯಾಯಶಾಸ್ತ್ರವನ್ನು ಕಲಿತರು, ಸ್ವಲ್ಪ ಕಾಲ ಪಾಠ ಹೇಳಿದರು, ವರ್ತಕರ ಕಡೆಯಿಂದ ಊರೂರು ತಿರುಗಿ ವ್ಯಾಪಾರವನ್ನೂ ಮಾಡಿದರು. ಯಾವದರಲ್ಲಿಯೂ ಮನಸ್ಸು ನೆಲೆಗೊಳ್ಳಲಿಲ್ಲ. ಕಟ್ಟಕಡೆಗೆ 1812ರಲ್ಲಿ ಆಂಡೋವರಿನ ದೈವಜ್ಞಾನಶಾಲೆಯನ್ನು ಸೇರಿ 1814ರಲ್ಲಿ ಅಲ್ಲಿಯ ಅಭ್ಯಾಸವನ್ನು ಮುಗಿಸಿದರು. ಸಭೆಯನ್ನು ಪಾಲಿಸುವದಕ್ಕೆ ಕರೆಯು ಬಂದರೂ ಶರೀರದ ಅಶಕ್ತಿಯ ನಿಮಿತ್ತ ಅದನ್ನು ಒಪ್ಪಿಕೊಳ್ಳದೆ ತಂದೆಯ ಮನೆಗೆ ಹಿಂತಿರುಗಿದರು. ಸಭೆಯಿಲ್ಲದ ಬೋಧಕರಿಗೆ ಕರ್ತನು ಯಾವ ಸಭೆಯನ್ನು ಕೂಡಿಸಿಕೊಟ್ಟನೆಂಬದನ್ನು ಮುಂದೆ ನೋಡುವೆವು.

ಅವರ ನೆರೆಮನೆಯಲ್ಲಿ ಮೇಸನ್ ಫಿಚ್ ಕಾಗ್ಸ್‌ವೆಲ್ ಎಂಬ ಪ್ರಸಿದ್ಧ ವೈದ್ಯರು ವಾಸವಾಗಿದ್ದರು. ಆ ವೈದ್ಯರ ಮಗಳಾದ ಆಲಿಸ್ ಎಂಬಾಕೆಯು ಸುಮಾರು ಎರಡು ವರುಷದ ಮಗುವಾಗಿದ್ದಾಗ ಕಠಿಣ ಜ್ವರದಿಂದ ಶ್ರವಣವನ್ನು ಕಳೆದುಕೊಂಡು, ಕಲಿತ ನಾಲ್ಕು ಮಾತುಗಳನ್ನೂ ಕ್ರಮೇಣ ಮರೆತಿದ್ದಳು. ಒಂದು ದಿನ ಮಕ್ಕಳೆಲ್ಲರೂ ಆಡುತ್ತಿರುವಾಗ ಈ ಹುಡುಗಿಯು ಬೇರೆಯಾಗಿ ನಿಂತಿರುವದನ್ನು ಗಲಾಡೆಟರು ಕಂಡು ಆಕೆಯ ಬಳಿಗೆ ಹೋಗಿ, ತಮ್ಮ ಟೊಪ್ಪಿಗೆಯನ್ನು ತೋರಿಸಿ, ಕೋಲಿನಿಂದ ಮಣ್ಣಿನ ಮೇಲೆ ಅದರ ಹೆಸರನ್ನು ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಬರೆದರು. ಬರೆದದ್ದನ್ನೂ ಟೊಪ್ಪಿಗೆಯನ್ನೂ ಪುನಃ ಪುನಃ ತೋರಿಸಿದಾಗ, ಆ ಗೆರೆಗಳು ವಸ್ತುವಿನ ಹೆಸರೆಂಬದು ಹುಡುಗಿಗೆ ಹೊಳೆಯಿತು. ಹಳ್ಳಿಯ ಪಾಠಶಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸಿದ ಉಪದೇಶಿಗಳಿಗೆ ಇದರ ಸಂತೋಷವು ಎಂಥದೆಂದು ಗೊತ್ತಿರುವದು.

ಆದರೆ ಕಾಗ್ಸ್‌ವೆಲ್ ವೈದ್ಯರು ತಮ್ಮ ಮಗಳೊಬ್ಬಳ ವಿಷಯವನ್ನೇ ಯೋಚಿಸಿದವರಲ್ಲ. ಇದಕ್ಕೆ ಎರಡು ವರುಷಗಳ ಮುಂಚೆಯೇ, ಅಂದರೆ 1812ರಲ್ಲಿ, ಕನೆಕ್ಟಿಕಟ್ ಸೀಮೆಯ ಸಭಾಪಾಲಕರ ಸಂಘದ ಮೂಲಕ ಪ್ರತಿಯೊಂದು ಸಭೆಯಲ್ಲಿ ಎಷ್ಟು ಮಂದಿ ಕಿವುಡರಿದ್ದಾರೆಂದು ವಿಚಾರಿಸಿ ಲೆಕ್ಕ ತರಿಸಿದ್ದರು. ಪಾಲಕರು ಮನೆಮನೆಗಳನ್ನು ವಿಚಾರಿಸಿ 84 ಮಂದಿಯ ಲೆಕ್ಕವನ್ನು ಕೊಟ್ಟರು. ತಮ್ಮ ಮನೆಯ ಒಬ್ಬನೇ ಹೀಗಿದ್ದಾನೆಂದು ಪ್ರತಿಯೊಂದು ಕುಟುಂಬವು ನೆನಸಿ ಮರೆಮಾಡಿಕೊಂಡಿದ್ದ ಕಷ್ಟವು ಇಡೀ ಸೀಮೆಯ ಕಷ್ಟವೆಂದು ಆ ಕಾಗದದಿಂದ ಹೊರಪಟ್ಟಿತು. ಮುಂದೆ ಶಾಸನಸಭೆಯವರ ಮುಂದೆ ಇಡುವದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿಯು ಬೇರೆ ಇರಲಿಲ್ಲ. ನಮ್ಮ ಸಭಾಪುಸ್ತಕಗಳಲ್ಲಿ ಸ್ನಾನ, ವಿವಾಹ, ಮರಣಗಳ ಪಟ್ಟಿಗಳು ಚೆನ್ನಾಗಿವೆ. ಇಂಥ ಲೆಕ್ಕವೊಂದನ್ನು ಕೇಳಿದರೆ ನಮ್ಮಲ್ಲಿ ಎಷ್ಟು ಸಭೆಗಳು ಒಂದು ವಾರದೊಳಗೆ ಉತ್ತರ ಕೊಡಬಲ್ಲವೋ ತಿಳಿಯದು.

1815ರ ಎಪ್ರಿಲಿನಲ್ಲಿ ಹಾರ್ಟ್‌ಫರ್ಡಿನ ಕೆಲವು ಗೃಹಸ್ಥರು ವೈದ್ಯರ ಮನೆಯಲ್ಲಿ ಕೂಡಿ, ಚಂದಾಹಣವನ್ನು ಎತ್ತಿ, ಕಿವುಡರಿಗೆ ಪಾಠ ಹೇಳುವ ಕ್ರಮವನ್ನು ಕಲಿತು ಬರುವದಕ್ಕಾಗಿ ಗಲಾಡೆಟರನ್ನು ಯೂರೋಪಿಗೆ ಕಳುಹಿಸುವದಾಗಿ ನಿಶ್ಚಯಿಸಿದರು. ಮೇ ತಿಂಗಳಲ್ಲಿ ಅವರು ಹಡಗನ್ನು ಹತ್ತಿದರು. ಇಂಗ್ಲೆಂಡಿನಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಆಗ ಈ ವಿದ್ಯೆಯು ಬ್ರೇಡ್‌ವುಡ್ ಎಂಬ ಒಂದೇ ಮನೆತನದವರ ಕೈಯಲ್ಲಿತ್ತು. ಕಿವುಡರನ್ನು ಬಾಯಿಂದ ಮಾತಾಡಿಸಲು ಯತ್ನಿಸುವದು ಅವರ ಕ್ರಮ. ಅದನ್ನು ಅವರು ಮನೆಯ ಗುಟ್ಟಿನಂತೆ ಕಾಪಾಡುತ್ತಿದ್ದರು. ಲಂಡನ್ನಿನ ಶಾಲೆಯವರು ಮೂರು ವರುಷ ತಮ್ಮಲ್ಲಿ ಸಹಾಯಕ ಶಿಕ್ಷಕರಾಗಿ ದುಡಿಯಬೇಕೆಂದು ಹೇಳಿದರು. ಎಡಿನ್‌ಬರೋ ಶಾಲೆಯ ಕಿನ್ನಿಬರೋ ಎಂಬ ಶಿಕ್ಷಕರು ಒಳ್ಳೆಯವರಾಗಿದ್ದರೂ ಇತರರಿಗೆ ಕಲಿಸುವದಿಲ್ಲವೆಂದು ಮೊದಲೇ ಮುಚ್ಚಳಿಕೆ ಬರೆದುಕೊಟ್ಟಿದ್ದದರಿಂದ ಬಾಯಿ ತೆರೆಯಲಾರದೆ ಹೋದರು. ನಮ್ಮಲ್ಲಿಯೂ ನಾಟಿವೈದ್ಯರು ಬೇರಿನ ಹೆಸರನ್ನು ಮಗನಿಗೆ ಹೊರತು ಹೇಳದಿರುವ ಪದ್ಧತಿಯುಂಟಷ್ಟೆ. ಅದರಿಂದ ಒಂದು ಮನೆಯು ಬದುಕುವದು, ಊರಿಗೆ ಮದ್ದು ಇಲ್ಲದೆ ಹೋಗುವದು. ಗಲಾಡೆಟರು ಆ ಕರಾರುಗಳಿಗೆ ಒಡಂಬಡದೆ ಹಲವು ತಿಂಗಳುಗಳನ್ನು ಕಾಯುವದರಲ್ಲಿಯೇ ಕಳೆದರು.

ಅವರು ಲಂಡನ್ನಿನಲ್ಲಿದ್ದಾಗ, ಪ್ಯಾರಿಸ್ ಪಟ್ಟಣದ ಕಿವುಡರ ಶಾಲೆಯ ಮುಖ್ಯಸ್ಥನಾದ ಸಿಕಾರ್ ಎಂಬ ಪಾದ್ರಿಯು ತನ್ನ ಇಬ್ಬರು ಕಿವುಡ ಶಿಷ್ಯರೊಡನೆ ಅಲ್ಲಿಗೆ ಬಂದಿದ್ದನು. ಮಾಸ್ಯೂ ಎಂದೂ ಲೋರಾಂ ಕ್ಲೇರ್ ಎಂದೂ ಹೆಸರುಳ್ಳ ಆ ಇಬ್ಬರೂ ಆ ಶಾಲೆಯಲ್ಲಿಯೇ ಶಿಕ್ಷಕರು. ಜನರು ಕೇಳಿದ ಕಠಿಣವಾದ ಪ್ರಶ್ನೆಗಳಿಗೆ ಅವರು ಹಲಗೆಯ ಮೇಲೆ ಬರೆದು ಕೊಡುತ್ತಿದ್ದ ಉತ್ತರಗಳನ್ನು ಕಂಡು ಗಲಾಡೆಟರು ಆಶ್ಚರ್ಯಪಟ್ಟರು. ಸಿಕಾರನು ಯಾವ ಕರಾರೂ ಇಲ್ಲದೆ ಅವರನ್ನು ಪ್ಯಾರಿಸಿಗೆ ಕರೆದನು. ಈ ಶಾಲೆಯನ್ನು ಸ್ಥಾಪಿಸಿದವನು ದೆ ಲೆಪೆ ಎಂಬ ಪಾದ್ರಿ. ಅವನು ಪ್ಯಾರಿಸಿನ ಬಡ ಕಿವುಡರು ತಮ್ಮತಮ್ಮೊಳಗೆ ಉಪಯೋಗಿಸುತ್ತಿದ್ದ ಕೈಸಂಜ್ಞೆಗಳನ್ನೇ ತಾನು ಕಲಿತು, ಅವುಗಳ ಮೂಲಕ ಫ್ರೆಂಚ್ ಭಾಷೆಯನ್ನು ಅವರಿಗೆ ಕಲಿಸಿದನು. ಅವನು 1789ರಲ್ಲಿ ಸತ್ತ ತರುವಾಯ 1791ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯು ಶಾಸನ ಮಾಡಿ ಶಾಲೆಯನ್ನು ದೇಶದ ವೆಚ್ಚಕ್ಕೆ ತೆಗೆದುಕೊಂಡಿತು. ಹೀಗೆ ಒಬ್ಬ ಪಾದ್ರಿಯ ಸ್ವಂತ ಹಣದಲ್ಲಿ ಆರಂಭವಾದ ಕೆಲಸವು ಅವನೊಂದಿಗೆ ಸಾಯದೆ ಉಳಿಯಿತು. ಈ ಸಂಗತಿಯನ್ನು ಗಲಾಡೆಟರು ಕಣ್ಣಾರೆ ಕಂಡರು.

1816ರ ಮೊದಲ ಭಾಗದಲ್ಲಿ ಅವರು ಪ್ಯಾರಿಸಿಗೆ ಹೋಗಿ ಎರಡು ಮೂರು ತಿಂಗಳು ಸಂಜ್ಞಾಭಾಷೆಯನ್ನು ಅಭ್ಯಾಸ ಮಾಡಿದರು. ಅದು ಅಷ್ಟರಲ್ಲಿ ಕೈಗೂಡುವ ವಿದ್ಯೆಯಲ್ಲವೆಂದು ತಿಳಿದಾಗ, ತಮ್ಮ ಗುರುಗಳಲ್ಲಿ ಒಬ್ಬರಾದ ಕ್ಲೇರ್ ಅವರನ್ನೇ ಅಮೇರಿಕಾಕ್ಕೆ ಬರುವಂತೆ ಬೇಡಿಕೊಂಡರು. ನಮ್ಮ ಎಣಿಕೆಯಲ್ಲಿ ಗಲಾಡೆಟರು ಮಾಡಿದ ಎಲ್ಲಾ ಕಾರ್ಯಗಳಲ್ಲಿ ಇದೇ ದೊಡ್ಡದು. ಕಿವುಡರ ಮೇಲೆ ಕನಿಕರಪಡುವವರು ಆಗಲೂ ಅನೇಕರಿದ್ದರು. ಕಿವುಡನ ಬಳಿಯಲ್ಲಿ ಶಿಷ್ಯನಾಗಿ ಕೂತು, ಅವನನ್ನು ಸಮಾನನಾದ ಜೊತೆಗೆಲಸದವನೆಂದು ಕರೆದುಕೊಂಡು ಹೋದವರು ವಿರಳ. ಕ್ಲೇರ್ ಅವರು ಶಿಶುವಾಗಿದ್ದಾಗ ಬೆಂಕಿಗೆ ಬಿದ್ದು ಬಲಗೆನ್ನೆಯು ಸುಟ್ಟುಹೋಗಿತ್ತು. ಎರಡು ಬೆರಳುಗಳಿಂದ ಕೆನ್ನೆಯನ್ನು ಸವರಿದರೆ ಅದೇ ಕಿವುಡರ ಭಾಷೆಯಲ್ಲಿ ಅವರ ಹೆಸರು. ಅವರು ರೋಮನ್ ಸಭೆಗೆ ಸೇರಿದವರಾದದರಿಂದ, ಅವರ ಮತಕ್ಕೆ ವಿರೋಧವಾದ ಯಾವದನ್ನೂ ಕಲಿಸಬೇಕೆಂದು ಬಲಾತ್ಕರಿಸುವದಿಲ್ಲವೆಂದು ಗಲಾಡೆಟರು ಕರಾರುಪತ್ರದಲ್ಲಿಯೇ ಒಪ್ಪಿದರು. ಇಬ್ಬರೂ ಜೂನ್ 18ರಂದು ಹಡಗನ್ನು ಹತ್ತಿ 52 ದಿವಸಗಳ ಪ್ರಯಾಣದ ಮೇಲೆ ನ್ಯೂಯಾರ್ಕಿಗೆ ಬಂದು ಮುಟ್ಟಿದರು. ಆ ದಿವಸಗಳಲ್ಲಿ ಗಲಾಡೆಟರು ಕ್ಲೇರ್ ಅವರಿಗೆ ಇಂಗ್ಲಿಷನ್ನು ಕಲಿಸಿದರು, ಕ್ಲೇರ್ ಅವರು ಗಲಾಡೆಟರಿಗೆ ಸಂಜ್ಞೆಗಳನ್ನು ಕಲಿಸಿದರು.

ಅನಂತರ ಇವರಿಬ್ಬರೂ ಕಾಗ್ಸ್‌ವೆಲ್ ವೈದ್ಯರ ಸಹಾಯದಿಂದ ಪಟ್ಟಣ ಪಟ್ಟಣಗಳಿಗೆ ಹೋಗಿ ಶಾಲೆಗಾಗಿ ಹಣ ಕೂಡಿಸಿದರು. ಕ್ಲೇರ್ ಅವರು ಬರೆದ ಭಾಷಣವನ್ನು ಗಲಾಡೆಟರು ಓದುವರು. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕ್ಲೇರ್ ಅವರು ತಾವೇ ಬರೆದು ಉತ್ತರಿಸುವರು. ಶಾಸನಸಭೆಯ ಸದಸ್ಯರಿಗೂ ಇದೇ ರುಜುವಾತು. ಕಿವುಡನಿಗೆ ಬುದ್ಧಿಯುಂಟೋ ಇಲ್ಲವೋ ಎಂದು ಚರ್ಚಿಸಬೇಕೆಂದಿದ್ದವರ ಎದುರಿನಲ್ಲಿ ಅವರಲ್ಲಿ ಅನೇಕರಿಗಿಂತ ಚೆನ್ನಾಗಿ ಬರೆಯುವ ಕಿವುಡನೊಬ್ಬನು ನಿಂತಿರಲಾಗಿ ಚರ್ಚೆಯು ಅಲ್ಲಿಗೇ ನಿಂತಿತು. 1816ರ ಒಕ್ಟೋಬರಿನಲ್ಲಿ ಕನೆಕ್ಟಿಕಟ್ ಶಾಸನಸಭೆಯು 5,000 ಡಾಲರುಗಳನ್ನು ಮಂಜೂರು ಮಾಡಿತು. ಅಂಗಹೀನರೆನಿಸಿಕೊಂಡವರ ಶಿಕ್ಷಣಕ್ಕೆ ಆ ದೇಶದ ಸೀಮೆಯೊಂದರ ಸರ್ಕಾರವು ಕೊಟ್ಟ ಮೊದಲನೆಯ ಹಣವು ಇದೇ.

1817ನೆಯ ಇಸವಿ ಎಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ 7 ಮಂದಿ ವಿದ್ಯಾರ್ಥಿಗಳೊಡನೆ ಶಾಲೆಯು ತೆರೆಯಲ್ಪಟ್ಟಿತು. ಅವರಲ್ಲಿ ಮೊದಲನೆಯವಳು ಆಲಿಸ್. ಒಂದು ವರುಷದೊಳಗೆ ಸಂಖ್ಯೆಯು 30ನ್ನು ಮೀರಿತು. ಬಂದವರೆಲ್ಲರೂ ಮಕ್ಕಳಾಗಿರಲಿಲ್ಲ. ಮನುಷ್ಯರ ಭಾವಚಿತ್ರಗಳನ್ನು ಬರೆದು ಜೀವನ ಮಾಡುತ್ತಿದ್ದ ಜಾನ್ ಬ್ರೂಸ್ಟರ್ ಎಂಬ ಕಿವುಡ ಚಿತ್ರಗಾರನು 51ನೆಯ ವಯಸ್ಸಿನಲ್ಲಿ ಮಕ್ಕಳೊಡನೆ ಕೂತು ಅಕ್ಷರ ಕಲಿತನು. ಕೆಲವು ವರುಷಗಳಾದ ಮೇಲೆ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪದಿಂದಲೂ ಮಕ್ಕಳು ಬಂದರು. ಆ ದ್ವೀಪದ ಕೆಲವು ಹಳ್ಳಿಗಳಲ್ಲಿ ಹುಟ್ಟುಕಿವುಡರು ಬಹಳ ಮಂದಿ ಇದ್ದದರಿಂದ ಕಿವಿ ಕೇಳುವ ನೆರೆಯವರೂ ಕೈಸಂಜ್ಞೆಯನ್ನು ಬಲ್ಲವರಾಗಿದ್ದರು. ಅಂಗಡಿಯಲ್ಲಿಯೂ ದೋಣಿಯಲ್ಲಿಯೂ ದೇವಾಲಯದಲ್ಲಿಯೂ ಕಿವುಡನು ಅಲ್ಲಿ ಒಬ್ಬಂಟಿಗನಾಗಿರಲಿಲ್ಲ. ಕ್ಲೇರ್ ಅವರು ತಂದ ಪ್ಯಾರಿಸಿನ ಸಂಜ್ಞೆಗಳೂ ಇಂಥ ಹಳ್ಳಿಗಳ ಸಂಜ್ಞೆಗಳೂ ಶಾಲೆಯ ವಠಾರದಲ್ಲಿ ಬೆರೆತು ಇಂದಿನ ಅಮೇರಿಕನ್ ಸಂಜ್ಞಾಭಾಷೆಯು ಉಂಟಾಯಿತು. ನಮ್ಮ ಊರುಗಳಲ್ಲಿ ಕಿವುಡನನ್ನು ಮೂಗನೆಂದು ಕರೆದು ಅವನಿಗೆ ಭಾಷೆಯೇ ಇಲ್ಲವೆಂದು ಎಣಿಸುವದುಂಟು. ಭಾಷೆಯು ಅವನಿಗಿದೆ, ಅದನ್ನು ಕಲಿಯುವವರು ಮಾತ್ರ ಇಲ್ಲ.

ಆರಂಭದಲ್ಲಿ ಗಲಾಡೆಟರು ಇಂಗ್ಲಿಷ್ ವಾಕ್ಯದ ಒಂದೊಂದು ಶಬ್ದಕ್ಕೂ ಒಂದೊಂದು ಸಂಜ್ಞೆಯನ್ನು ಜೋಡಿಸುವ ಕ್ರಮದಿಂದಲೇ ಕಲಿಸಿದರು. ಕಾಲಕ್ರಮದಲ್ಲಿ ಆ ಕೃತಕ ಕ್ರಮವು ಬಿಟ್ಟುಹೋಗಿ, ಕಿವುಡರ ಸ್ವಾಭಾವಿಕ ಸಂಜ್ಞಾಭಾಷೆಯಲ್ಲಿಯೇ ಪಾಠವೂ ಬೋಧನೆಯೂ ನಡೆದವು. ಶಾಲೆಯ ಆರಾಧನೆಯು ನೋಡತಕ್ಕ ಸಂಗತಿಯಾಗಿತ್ತು. ಬೋಧಕನ ಕೈಗಳೂ ಮುಖವೂ ಎಲ್ಲರಿಗೂ ಕಾಣಬೇಕಾದದರಿಂದ ಬೆಳಕು ಅವನ ಮೇಲೆ ಬೀಳಬೇಕು. ಪ್ರಾರ್ಥನೆಯಲ್ಲಿ ಯಾರೂ ಕಣ್ಣುಗಳನ್ನು ಮುಚ್ಚುವದಿಲ್ಲ. ಮುಚ್ಚಿದರೆ ಪ್ರಾರ್ಥನೆಯು ಅವರಿಗೆ ಇಲ್ಲದಾಗುವದು. ನಂಬಿಕೆಯು ಕೇಳುವದರಿಂದ ಬರುವದೆಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ಹಿಡಿದುಕೊಂಡು, ಕಿವುಡರಿಗೆ ನಂಬಿಕೆಯು ಹೇಗೆಂದು ಸಂಶಯಪಟ್ಟವರು ಪೂರ್ವದಲ್ಲಿ ಇದ್ದರು. ದೆಕಪೊಲಿಯ ಕಿವುಡನನ್ನು ಕರ್ತನು ಗುಂಪಿನಿಂದ ಬೇರೆಯಾಗಿ ಕರೆದುಕೊಂಡು ಹೋಗಿ, ಮಾತಾಡುವದಕ್ಕೆ ಮುಂಚೆ ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ ಆಕಾಶದ ಕಡೆಗೆ ನೋಡಿದನೆಂದು ಮಾರ್ಕನು ತಿಳಿಸುತ್ತಾನೆ. ಅವನಿಗೆ ತಿಳಿಯುವ ಭಾಷೆಯಲ್ಲಿಯೇ ಕರ್ತನು ಮೊದಲು ಆತನ ಸಂಗಡ ಮಾತಾಡಿದನೆಂದು ನಾವು ತಿಳಿಯುತ್ತೇವೆ. ಆದರೂ ಶಿಕ್ಷಣವಿಲ್ಲದ ಕಿವುಡರನ್ನು ಗಲಾಡೆಟರು ಪೂರ್ಣ ಅಂಧಕಾರದಲ್ಲಿರುವ ಅನ್ಯಜನರಿಗೆ ಹೋಲಿಸಿ ಬೋಧಿಸಿದ್ದು ನಮಗೆ ಅತಿಯಾಗಿ ಕಾಣುತ್ತದೆ. ಆ ದ್ವೀಪದ ಜನರ ಸಂಗತಿಯೇ ಅದಕ್ಕೆ ವಿರೋಧವಾದ ಸಾಕ್ಷಿ.

ಒಂದು ಸೀಮೆಯ ಹಣವು ಶಾಲೆಗೆ ಸಾಕಾಗಲಿಲ್ಲ. 1818ರ ಆರಂಭದಲ್ಲಿ ಕ್ಲೇರ್ ಅವರು ವಾಷಿಂಗ್ಟನ್ನಿಗೆ ಹೋಗಿ ದೇಶದ ಮಹಾಸಭೆಯಾದ ಕಾಂಗ್ರೆಸ್ಸನ್ನು ಸಂದರ್ಶಿಸಿದರು. ಪ್ರತಿನಿಧಿಸಭೆಯ ಅಧ್ಯಕ್ಷರಾದ ಹೆನ್ರಿ ಕ್ಲೇ ಅವರನ್ನು ಆದರದಿಂದ ಬರಮಾಡಿಕೊಂಡರು. 1819ರಲ್ಲಿ ಕಾಂಗ್ರೆಸ್ಸು ಅಲಬಾಮಾ ಪ್ರಾಂತದಲ್ಲಿ ಸುಮಾರು 23,000 ಎಕರೆ ಭೂಮಿಯನ್ನು ಶಾಲೆಗೆ ದತ್ತಿಯಾಗಿ ಕೊಟ್ಟಿತು. ಅದರ ಮಾರಾಟದಿಂದ ಬಂದ ಹಣವು ಶಾಶ್ವತ ಮೂಲಧನವಾಯಿತು. ಆ ಭೂಮಿಯು ಅಲ್ಲಿಯ ಮೂಲನಿವಾಸಿಗಳ ಕೈಯಿಂದ ಹೋದದ್ದೆಂಬದನ್ನು ಚರಿತ್ರೆ ಬರೆಯುವವರು ಮುಚ್ಚಿಡಬಾರದು. ಅದೇ ವರುಷ ಮ್ಯಾಸಚೂಸೆಟ್ಸ್ ಸೀಮೆಯು ತನ್ನ 20 ಮಂದಿ ಕಿವುಡರ ವೆಚ್ಚವನ್ನು ವಹಿಸಿಕೊಂಡಿತು. ಅನಂತರ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಸೀಮೆಗಳೂ ಹಾಗೆಯೇ ಮಾಡಿದವು. ಅಲ್ಲಿಯ ವರೆಗೆ ಬಡವನ ಕಿವುಡ ಮಗನು ಶಾಲೆ ಸೇರಬೇಕಾದರೆ ಒಬ್ಬ ಧನವಂತನ ಮನಸ್ಸು ಕರಗಬೇಕಾಗಿತ್ತು.

1821ರಲ್ಲಿ ಗಲಾಡೆಟರು ತಮ್ಮ ಶಾಲೆಯಲ್ಲಿ ಕಲಿತ ಸೋಫಿಯ ಫೌಲರ್ ಎಂಬ ಹುಟ್ಟುಕಿವುಡಿಯನ್ನು ಮದುವೆಯಾದರು. ಈಕೆಯು ಗಿಲ್ಫರ್ಡ್ ಎಂಬ ಊರಿನವಳು. 19 ವರುಷದವಳಾದ ಮೇಲೆ ತನ್ನ ಕಿವುಡ ಅಕ್ಕನೊಡನೆ ಶಾಲೆಗೆ ಬಂದವಳು. ದೇವರು ಇವರಿಗೆ 8 ಮಂದಿ ಮಕ್ಕಳನ್ನು ಕೊಟ್ಟನು. ಆ ಮಕ್ಕಳೆಲ್ಲರಿಗೂ ಕಿವಿ ಕೇಳುತ್ತಿತ್ತು. ಆದರೆ ತಾಯಿಯ ತೊಡೆಯ ಮೇಲೆ ಕಲಿತ ಭಾಷೆಯು ಕೈಗಳ ಭಾಷೆ. ಇದರ ಫಲವು ಮುಂದೆ ಕಂಡುಬಂತು.

1830ರಲ್ಲಿ ಶರೀರದ ಬಳಲಿಕೆಯ ನಿಮಿತ್ತ ಗಲಾಡೆಟರು ಶಾಲೆಯ ಮುಖ್ಯಸ್ಥಾನವನ್ನು ಬಿಟ್ಟರು. ಅದೇ ವರುಷದ ದಶಂಬರದಲ್ಲಿ ಕಾಗ್ಸ್‌ವೆಲ್ ವೈದ್ಯರು ಕರ್ತನಲ್ಲಿ ನಿದ್ರೆಹೋದರು. ತಂದೆಯು ಸತ್ತ 13 ದಿವಸಗಳಲ್ಲಿ 25 ವರುಷದ ಆಲಿಸಳೂ ಆ ದುಃಖದಲ್ಲಿಯೇ ಸತ್ತಳು. ಗಲಾಡೆಟರು ಆ ಮೇಲೆ ಮಕ್ಕಳಿಗಾಗಿ ಅನೇಕ ಪುಸ್ತಕಗಳನ್ನು ಬರೆದರು. ಆತ್ಮದ ವಿಷಯವಾಗಿ ಬರೆದ ಒಂದು ಪುಸ್ತಕವನ್ನು ಮಿಶನೆರಿಗಳು ಹಲವು ಭಾಷೆಗಳಿಗೆ ತಿರುಗಿಸಿಕೊಂಡರು. 1839ರಲ್ಲಿ ಅಮಿಸ್ಟಾಡ್ ಎಂಬ ಹಡಗಿನಲ್ಲಿ ದಾಸರಾಗಿ ಒಯ್ಯಲ್ಪಟ್ಟ ಆಫ್ರಿಕದವರು ಕನೆಕ್ಟಿಕಟಿನ ಸೆರೆಮನೆಯಲ್ಲಿದ್ದಾಗ, ಯಾರಿಗೂ ಅವರ ಭಾಷೆ ತಿಳಿಯದಿರಲಾಗಿ, ಇವರು ಅಲ್ಲಿಗೆ ಹೋಗಿ ಸಂಜ್ಞೆಗಳಿಂದ ಅವರೊಡನೆ ಮಾತಾಡಲು ಪ್ರಯತ್ನಿಸಿದರು. 1838ರಿಂದ ಮರಣದ ವರೆಗೂ ಹಾರ್ಟ್‌ಫರ್ಡಿನ ಬುದ್ಧಿಭ್ರಮಣರ ಆಸ್ಪತ್ರೆಯಲ್ಲಿ ಬೋಧಕರಾಗಿ ಸೇವೆ ಮಾಡಿ, 1851ನೆಯ ಇಸವಿ ಸೆಪ್ಟಂಬರ್ 10ರಂದು, 63ನೆಯ ವಯಸ್ಸಿನಲ್ಲಿ, ವಿಶ್ರಾಂತಿಯನ್ನು ಹೊಂದಿದರು. ಕ್ಲೇರ್ ಅವರಾದರೋ 1858ರ ವರೆಗೆ ಪಾಠ ಹೇಳಿ 1869ರಲ್ಲಿ ತೀರಿಕೊಂಡರು.

ಹಿರಿಯ ಮಗನಾದ ತಾಮಸನು 1852ರಲ್ಲಿ ನ್ಯೂಯಾರ್ಕಿನಲ್ಲಿ ಕಿವುಡರಿಗಾಗಿ ಸಂತ ಅನ್ನಳ ಹೆಸರಿನ ಸಭೆಯನ್ನು ಸ್ಥಾಪಿಸಿ ಅವರ ಪಾಲಕನಾದನು. ಕಿರಿಯ ಮಗನಾದ ಎಡ್ವರ್ಡನು 1857ರಲ್ಲಿ, ಕೇವಲ 20 ವರುಷದವನಾಗಿದ್ದಾಗ, ವಾಷಿಂಗ್ಟನ್ನಿನ ಕಿವುಡರ ಶಾಲೆಯ ಮುಖ್ಯಸ್ಥನಾದನು. ವಿಧವೆಯಾದ ತಾಯಿಯು ಮಕ್ಕಳ ವಸತಿಯನ್ನು ನೋಡಿಕೊಳ್ಳುವದಕ್ಕಾಗಿ ಅವನ ಸಂಗಡ ಹೋದಳು. ಆ ಶಾಲೆಯು ಕಿವುಡರಿಗೆ ಉಚ್ಚ ಪದವಿಗಳನ್ನು ಕೊಡಬಹುದೆಂದು ಕಾಂಗ್ರೆಸ್ಸು ಮಾಡಿದ ಶಾಸನಕ್ಕೆ ರಾಷ್ಟ್ರಾಧ್ಯಕ್ಷರಾದ ಅಬ್ರಹಾಮ್ ಲಿಂಕನ್ನರು 1864ನೆಯ ಇಸವಿ ಎಪ್ರಿಲ್ 8ರಂದು ಸಹಿ ಹಾಕಿದರು. ದೇಶವು ಅಂತರ್ಯುದ್ಧದಲ್ಲಿ ರಕ್ತ ಸುರಿಸುತ್ತಿದ್ದ ಕಾಲದಲ್ಲಿ ಇಂಥ ಶಾಸನಕ್ಕೆ ಸಮಯ ದೊರೆಯಿತೆಂಬದು ಆಶ್ಚರ್ಯ. ಈಗ ಗಲಾಡೆಟ್ ವಿಶ್ವವಿದ್ಯಾಲಯವೆನಿಸಿಕೊಳ್ಳುವದು ಅದೇ.

ಆದರೆ 1880ರಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನವು ಕೂಡಿ, ಇನ್ನು ಮುಂದೆ ಶಾಲೆಗಳಲ್ಲಿ ಬಾಯಿಮಾತಿಗೇ ಪ್ರಾಧಾನ್ಯವಿರಬೇಕು, ಸಂಜ್ಞೆಗಳನ್ನು ಬಿಡಬೇಕೆಂದು ನಿರ್ಣಯಿಸಿತು. ಕೂಡಿದ 164 ಮಂದಿಯಲ್ಲಿ ಕಿವುಡನು ಒಬ್ಬನೇ. ಎಡ್ವರ್ಡ್ ಗಲಾಡೆಟನು ಎದ್ದು ವಿರೋಧಿಸಿದರೂ ಸಾಗಲಿಲ್ಲ. ಆ ಮೇಲೆ ಅನೇಕ ದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು, ಶಾಲೆಯಲ್ಲಿ ಕೈಯಾಡಿಸಿದ ಮಕ್ಕಳು ಶಿಕ್ಷೆಯನ್ನು ಹೊಂದಿದರು. ಆ ನಿರ್ಣಯವು ತಪ್ಪೆಂದು ಅದೇ ಸಮ್ಮೇಳನದವರು ವ್ಯಾಂಕೂವರಿನಲ್ಲಿ ಒಪ್ಪಿಕೊಂಡದ್ದು 2010ರಲ್ಲಿ. ಅಷ್ಟರೊಳಗೆ 130 ವರುಷಗಳು ಕಳೆದಿದ್ದವು. ಸರ್ಕಾರಗಳು ಹಣವನ್ನು ಕೊಟ್ಟಿದ್ದವು, ಕಟ್ಟಡಗಳನ್ನು ಕಟ್ಟಿಸಿದ್ದವು. ಮಕ್ಕಳ ಭಾಷೆಯನ್ನು ಮಾತ್ರ ಯಾವ ಶಾಸನವೂ ಕಾಪಾಡಿರಲಿಲ್ಲ. ಈ ಕೊರತೆಯನ್ನು ತೀರಿಸುವದಕ್ಕಾಗಿಯೇ ಈಚೆಗೆ ಹಲವು ದೇಶಗಳು ಕಾನೂನು ಮಾಡಿವೆ. ಯುಗಾಂಡವು 1995ರ ತನ್ನ ಸಂವಿಧಾನದಲ್ಲಿ ಸಂಜ್ಞಾಭಾಷೆಯನ್ನು ಹೆಸರಿಸಿತು. ನ್ಯೂಜಿಲೆಂಡ್ 2006ರಲ್ಲಿ ತನ್ನ ಸಂಜ್ಞಾಭಾಷೆಯನ್ನು ರಾಜ್ಯಭಾಷೆಗಳಲ್ಲಿ ಸೇರಿಸಿತು. ಬ್ರಿಟನ್ನಿನ ಪಾರ್ಲಿಮೆಂಟು 2022ರಲ್ಲಿ ಬ್ರಿಟಿಷ್ ಸಂಜ್ಞಾಭಾಷೆಯ ಶಾಸನವನ್ನು ಮಾಡಿ, ಸರ್ಕಾರದ ಇಲಾಖೆಗಳು ಈ ಭಾಷೆಯನ್ನು ಎಷ್ಟರ ಮಟ್ಟಿಗೆ ಉಪಯೋಗಿಸುತ್ತವೆಂಬದನ್ನು ವರದಿ ಮಾಡಬೇಕೆಂದು ವಿಧಿಸಿತು. ಕಿವುಡರ ಶಿಕ್ಷಣದ ಗುಟ್ಟನ್ನು ಗಲಾಡೆಟರಿಗೆ ಹೇಳದೆ ಕಳುಹಿಸಿದ ದೇಶವೂ ಅದೇ ಎಂಬದನ್ನು ನೆನಸಿಕೊಳ್ಳಬಹುದು.

ನಮ್ಮ ದೇಶದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ತಿರುನೆಲ್ವೇಲಿ ಸೀಮೆಯ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಿಶನೆರಿ ಅಮ್ಮನವರು 19ನೆಯ ಶತಮಾನದ ಕೊನೆಯ ವರುಷಗಳಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಅದು ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ. ಭಾರತದ ಪಾರ್ಲಿಮೆಂಟು 2016ರಲ್ಲಿ ಮಾಡಿದ ಅಂಗವಿಕಲರ ಹಕ್ಕುಗಳ ಶಾಸನವು 2017ನೆಯ ಇಸವಿ ಎಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂಜ್ಞಾಭಾಷೆಯನ್ನು ಬಲ್ಲ ಶಿಕ್ಷಕರನ್ನು, ಅವರಲ್ಲಿ ಸ್ವತಃ ಅಂಗವಿಕಲರಾದವರನ್ನೂ ಸೇರಿಸಿ, ಸರ್ಕಾರವು ತರಬೇತು ಮಾಡಿ ನೇಮಿಸತಕ್ಕದ್ದು. ನ್ಯಾಯಸ್ಥಾನದಲ್ಲಿ ಕಿವುಡನು ತನಗೆ ತಿಳಿಯುವ ಭಾಷೆಯಲ್ಲಿ ಸಾಕ್ಷಿ ಹೇಳುವದಕ್ಕೆ ಅನುಕೂಲ ಮಾಡಿಕೊಡತಕ್ಕದ್ದು. ದೂರದರ್ಶನದ ಕಾರ್ಯಕ್ರಮಗಳು ಸಂಜ್ಞಾಭಾಷೆಯಲ್ಲಿ ಅಥವಾ ಬರಹದಲ್ಲಿ ಅವನಿಗೆ ದೊರೆಯತಕ್ಕದ್ದು. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆಗೂ ದುಭಾಷಿಗಳ ತರಬೇತಿಗೂ 2015ರಲ್ಲಿ ದಿಲ್ಲಿಯಲ್ಲಿ ಒಂದು ಸಂಸ್ಥೆಯು ಸ್ಥಾಪಿಸಲ್ಪಟ್ಟು, ಆ ಭಾಷೆಯ ನಿಘಂಟನ್ನು ಸಿದ್ಧಮಾಡಿದೆ. ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬ ಸಂದೇಹವುಳ್ಳವರು ಮೈಸೂರಿನಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು. ಮಗುವು ದೊಡ್ಡದಾಗಲಿ, ಆ ಮೇಲೆ ನೋಡೋಣವೆಂದು ಕಾಯುವ ಮನೆಯವರಿಗೆ, ಭಾಷೆಯು ಬೇರೂರುವದು ಮೊದಲನೆಯ ಕೆಲವು ವರುಷಗಳಲ್ಲಿಯೇ ಎಂಬದನ್ನು ಸಭೆಯ ಹಿರಿಯರೂ ಉಪದೇಶಿಗಳೂ ಮನೆಗೆ ಹೋಗಿ ತಿಳಿಸಬೇಕಾಗಿದೆ.